ಕೌಂಟರ್ ಮೂರು

ಬೆಂಚಿನ ಮ್ಯಾಲ ಮೂರು ಪೆಟ್ಟಿಗಿ.
ಒಂದು ಹೊಸಾದು, ರೊಟ್ಟಿ ಬುತ್ತಿಗಿಂತ ಸಣ್ಣದು, ಹದಿನೆಂಟು ಸಾವಿರ.
ಒಂದು ಲ್ಯಾಪ್‌ಟಾಪು, ಕುತಿಗಿ ಸಡಲ, ಆರು ಸಾವಿರ.
ಮೂರನೇದು ಬ್ಯಾಂಕಿನಾವ್ರು ತೆಗೆದು ಹಾಕಿದ್ದು,
ಕರೇದು, ಎರಡು ಇಟ್ಟಂಗಿ ಜೋಡಿಸಿಟ್ಟಂಗ,
ಹಣಿಮ್ಯಾಲ ಚೀಟಿ ಇನ್ನೂ ಹಂಗ ಐತಿ: ಕೌಂಟರ್ ಮೂರು.
ನಾಕೂವರಿ ಸಾವಿರ.

ನನ್ನ ಕಿಸೇದಾಗ ಹನ್ನೆರಡು.
ಅದರಾಗ ಎರಡು ಸಿಲಿಂಡರಿನಂವಂದು.

ಕಾಲುವಿಗೆ ನೀರು ಬಿಡತಾರ ಇನ್ನು ಒಂಬತ್ತು ದಿನಕ್ಕ.
ಬಿಟ್ಟ ಮರುದಿನ ಸಿಂಧನೂರಿನ ಟ್ರ್ಯಾಕ್ಟರೆಲ್ಲ
ನಮ್ಮ ಬಾಗಲದಾಗ ನಿಂತು ಕೇಜ್ ವೀಲ್ ಕೇಳತಾವ,
ಎಮ್ಮಿ ಹಿಂಡು ಬಾನಿ ಮುಂದ ನಿಂತಂಗ.

ಹಳೇ ಕಂಪ್ಯೂಟರು ಯಾಕ ಸತ್ತಿತು ಅಂತ ಬಿಚ್ಚಿ ನೋಡಿದ್ವಿ.
ಬಾಜೂಕ ಅಕ್ಕಿ ಗಿರಣಿ.
ಫ್ಯಾನಿನ ಸುತ್ತ ಒಂದು ಬೊಗಸಿ ಹೊಟ್ಟು,
ಹೊಟ್ಟಿನ ನಡುವೆ ಎರಡು ಹಲ್ಲಿ ತತ್ತಿ,
ಬೆಚ್ಚಗ.
ಚಾಂದಪಾಷಾ ಅವನ್ನ ಎತ್ತಿ ಗ್ವಾಡಿ ಬಿರುಕಿನಾಗ ಇಟ್ಟು ಬಂದ.
ನಾ ಬೈಲಿಲ್ಲ.

ಅವನು ಬರಿಯೋನು, ನಾ ಕೊಯ್ಯೋನು.
ಪರದಿ ಮ್ಯಾಲ ಗಾಲಿ ತಿರುವಿ, ಅದರ ಹೊಟ್ಟಿ ಕೆಳಗ
ಇಣುಕಿ ನೋಡತಾನ ಹುಡುಗ,
ಕಬ್ಬಿಣ ಇನ್ನೂ ಅಂಗಡ್ಯಾಗ ಇದ್ದಾಗ
ವೆಲ್ಡಿಂಗು ಎಲ್ಲಿ ಒಡೀತೈತಿ ಹೇಳತಾನ.
ಅವನಿಗೆ ಹೊಸಾದು ಬೇಕು.
"ಮಾಮಾ, ಚಿಟಿಕಿ ಹೊಡೆಯೋದ್ರಾಗ ಡ್ರಾಯಿಂಗು ತೆರೀತೈತಿ."
ಖರೇನ. ತೆರೀತು.
ಅಂಗಡಿಯಂವನ್ನ ಕೇಳಿ ಒಂದು ರಾತ್ರಿಗೆ ತಂದು
ಹದಿನಾರು ಹಲ್ಲಿನ ಸ್ಪ್ರಾಕೆಟ್ಟು ಕೊಯ್ಯಾಕ ಹಚ್ಚಿದ್ವಿ.
ಹತ್ತು ಹಲ್ಲು ದಾಳಿಂಬಿ ಕಾಳು.
ಹನ್ನೊಂದಕ್ಕ ಪೆಟ್ಟಿಗಿಗೆ ಏನೋ ನೆನಪಾತು,
ಏನೋ ಅಪ್‌ಡೇಟು, ತನ್ನದ ಏನೋ ಮನಿ ಕೆಲಸ,
ಕಣ್ಣು ಮಿಟುಕಿಸೋದ್ರಾಗಿನ ಅರ್ಧಾನೂ ಅಲ್ಲ.
ಬೆಂಕಿ ನಿಂತಲ್ಲೇ ನಿಂತು ತಿಂತು.

ನಮ್ಮಪ್ಪನ ಕುಲುಮ್ಯಾಗ ಯಂಕೋಬ ಅಂತ ಒಬ್ಬ
ಸಮ್ಮಟಿಗಿ ಹೊಡಿತಿದ್ದ.
ಒಂದು ಕಿವಿ ಇಲ್ಲ. ಲೆಕ್ಕ ಬರತಿದ್ದಿಲ್ಲ.
ಉಣ್ಣಾಕ ಕುಂತರ ಏಳಾಕ ಹೊತ್ತು.
ಅಪ್ಪ ಸಣ್ಣ ಸುತ್ತಿಗಿಲೆ ಟಿಣ್ ಅಂದರ
ಅವನು ಧಡ್.
ಟಿಣ್. ಧಡ್.
ಬಾಗಲ ಮುಂದ ಮದುವಿ ಮೆರವಣಿಗಿ ಹೋಗಲಿ,
ಯಾರರ ಸತ್ತ ಸುದ್ದಿ ಬರಲಿ,
ಕಾದ ಕುಡಗೋಲು ಕಪ್ಪಾಗೋತನಕ
ಧಡ್.
ಇನ್ನೊಬ್ಬ ಇದ್ದ, ಚುರುಕು, ಹಾಡತಿದ್ದ, ಚಲೋ ಮನಶ್ಯಾ.
ಅಪ್ಪನ ಹೆಬ್ಬೆರಳು ಹೋದದ್ದು ಅವನ ಕೈಲೆ.

ಅದಕ್ಕ ಮೂರನೇದನ್ನ ಪೀಡಿಸಿದ್ವಿ.
ತಡ ಅಳೆಯೋ ಪರೀಕ್ಷಾ ಹಚ್ಚಿ, ಅದರ ಮ್ಯಾಲ ಹಾಡು ಹಚ್ಚಿ,
ಕಿಟಕಿ ತೆರೆದು, ಎಳೆದಾಡಿ, ಮುಚ್ಚಿ, ಮತ್ತ ತೆರೆದು,
ಇಡೀ ಮಧ್ಯಾಹ್ನ, ತಗಡಿನ ಕೆಳಗ, ಬೆವರು ಕೀಬೋರ್ಡಿನ ಮ್ಯಾಲ.
ಒಂದು ಡ್ರಾಯಿಂಗು ತೆರೆಯಾಕ
ಒಂದು ಚಾ ಕುಡಿಯೋ ಹೊತ್ತು ಬೇಕಾತು.
ಮೂಲ್ಯಾಗಿನ ಅಂಕಿ ಮಾತ್ರ ಏರಲಿಲ್ಲ.
ಅಂವ ಅಂವನ್ನ ಬೈದಾ, ಅದು ಏರಲಿಲ್ಲ.

"ನಾ ಇದರಾಗ ಹೆಂಗ ಬರೀಲಿ?" ಅಂದ ಹುಡುಗ.
ಅದಕ್ಕ ನನ್ನ ಹತ್ರ ಉತ್ತರ ಇರಲಿಲ್ಲ.
ಉಳಿದ ಐದೂವರಿ ಸಾವಿರ ಅವನ ಕೈಯಾಗ ಇಟ್ಟೆ.
ಅವನು ಸಡಲ ಕುತಿಗಿ ಲ್ಯಾಪ್‌ಟಾಪು ನೋಡಿದ,
ಅಂಗಡಿಯಂವನ್ನ ನೋಡಿದ.
ಐನೂರು ಕಡಿಮಿ.
ಅಂಗಡಿಯಂವ ಹಲ್ಲಿಗೆ ಕಡ್ಡಿ ಹಾಕ್ಕೋತ ಫ್ಯಾನು ನೋಡಿದ.

ಈಗ ಕೌಂಟರ್ ಮೂರು ಟೇಬಲ್ಲಿನ ಮಗ್ಗಲಿಗೆ,
ಹಳೇ ಬನೀನು ಹೊದ್ದುಕೊಂಡು ಕುಂತೈತಿ.
ಯಾರ್ಯಾರ ರೊಕ್ಕ ಎಣಿಸಿತ್ತೋ,
ಈಗ ಮೋಟರಿನ ಹೆಜ್ಜಿ ಎಣಸತೈತಿ.
ಚೀಟಿ ಕಿತ್ತಿಲ್ಲ.
ಜವಳಗೇರಿಯಿಂದ ಬಂದ ಟ್ರ್ಯಾಕ್ಟರಿನಂವ ಕೇಳಿದ:
"ಒಂದು, ಎರಡು ಎಲ್ಲಿ ಅದಾವ್ರಿ?"

ಕೆಟ್ಟ ಸ್ಪ್ರಾಕೆಟ್ಟು ಗುಜರಿಗೆ ಹೋಗಲಿಲ್ಲ.
ಲ್ಯಾಪ್‌ಟಾಪಿನ ಬೆನ್ನಿಗೆ ಆಸರಾಗಿ ನಿಲ್ಲಿಸ್ಯಾನ ಹುಡುಗ.
ಪರದಿ ಯಾವ ಹಲ್ಲಿನ ಮ್ಯಾಲ ಒರಗೈತೋ
ನಾ ಎಣಿಸಿಲ್ಲ.